ಕೈಗೆಟುಕದ ಜಾಗ

ಮೊದಲು ಮಂಡಿ ಮಡಚಬೇಕು. ಆಮೇಲೆ ಭುಜ ಒಂದು ಕಡೆ, ಸೊಂಟ ಒಂದು ಕಡೆ ಆಗದ ಹಾಗೆ ಇಡೀ ಮೈಯನ್ನು ಒಟ್ಟಿಗೆ ಬಲಮಗ್ಗುಲಿಗೆ ಹೊರಳಿಸಬೇಕು. ಕಾಲುಗಳನ್ನು ಮಂಚದಿಂದ ಕೆಳಗೆ ಇಳಿಬಿಡುತ್ತ, ಅದೇ ಹೊತ್ತಿಗೆ ಮೊಣಕೈ ಊರಿ ಏಳಬೇಕು. ಬೆಳಗಿನ ಬಾಂಗು ಮುಗಿಯುವಷ್ಟರಲ್ಲಿ ವಾರ್ಸಿನಿ ಇದರಲ್ಲಿ ಅರ್ಧ ಮಾಡಿ ಮುಗಿಸಿದ್ದಳು. ಮಗ್ಗುಲಾಗಿ ಮಲಗಿ, ಪಾದಗಳನ್ನು ಮಂಚದಾಚೆ ತೂಗುಬಿಟ್ಟು, ಮೊಣಕೈ ಊರುವ ಧೈರ್ಯ ಬರಲೆಂದು ಕಾಯುತ್ತಿದ್ದಳು. ಹೊರಗೆ ಆಗಲೇ ಯಾರದೋ ಅಂಗಳದಲ್ಲಿ ಕಸಪೊರಕೆಯ ಸದ್ದು ಶುರುವಾಗಿತ್ತು.

ಆರು ವಾರದಿಂದ ಇದೇ ಪಾಠ. ಹೇಳಿಕೊಟ್ಟವಳು ಆರೋಗ್ಯ ಕೇಂದ್ರದ ರೆತ್ನೊ, ಇಪ್ಪತ್ತೈದೂ ತುಂಬಿರದ ಹುಡುಗಿ. ನೆಲದಿಂದ ಏನನ್ನಾದರೂ ಎತ್ತುವಾಗ ಬೆನ್ನು ಬಗ್ಗಿಸಬಾರದು, ಮಂಡಿ ಬಗ್ಗಿಸಬೇಕು. ಎತ್ತಿದ್ದನ್ನು ಹೊಟ್ಟೆಗೆ ಒತ್ತಿ ಹಿಡಿಯಬೇಕು. ತಿರುಗುವಾಗ ಸೊಂಟ ತಿರುಚದೆ ಪಾದ ಎತ್ತಿಟ್ಟು ತಿರುಗಬೇಕು. ಮುಖ ತೊಳೆಯುವಾಗ ಒಂದು ಕಾಲನ್ನು ಇಟ್ಟಿಗೆಯ ಮೇಲಿಡಬೇಕು. ಸೀನು ಬಂದರೆ ಗೋಡೆ ಹಿಡಿಯಬೇಕು. ಇದನ್ನೆಲ್ಲ ಚಿತ್ರ ಸಮೇತ ಅಚ್ಚು ಹಾಕಿದ ಒಂದು ಹಾಳೆಯನ್ನೂ ಕೊಟ್ಟು, "ಅಜ್ಜಿ, ಮರೀಬೇಡಿ" ಎಂದಿದ್ದಳು. ಐವತ್ತೊಂಬತ್ತಕ್ಕೇ ಅಜ್ಜಿ ಎನ್ನಿಸಿಕೊಂಡದ್ದು ವಾರ್ಸಿನಿಗೆ ನೋವಿಗಿಂತ ಹೆಚ್ಚು ಚುಚ್ಚಿತು. ಆದರೂ ಹಾಳೆಯನ್ನು ಬಿಸಾಡಲಿಲ್ಲ. ಅಕ್ಕಿ ಡಬ್ಬದ ಮುಚ್ಚಳದ ಒಳಮೈಗೆ ಅಂಟಿಸಿದಳು. ಆ ಮನೆಯಲ್ಲಿ ಅಕ್ಕಿ ಡಬ್ಬ ತೆಗೆಯುವವಳು ಅವಳೊಬ್ಬಳೇ.

ಬೆನ್ನು ಹಿಡಿದದ್ದು ಹಾಸಿಗೆಯ ದೆಸೆಯಿಂದ. ಬೂರುಗದ ಹತ್ತಿ ತುಂಬಿದ, ಇಬ್ಬರು ಮಲಗುವ ದೊಡ್ಡ ಹಾಸಿಗೆ. ಗಂಡ ದಾಲಿಮಿನ್ ಇದ್ದಾಗ ಬಿಸಿಲುಗಾಲದಲ್ಲಿ ತಿಂಗಳಿಗೊಮ್ಮೆ ಅದನ್ನು ಅಂಗಳಕ್ಕೆ ಹಾಕುತ್ತಿದ್ದರು. ತಲೆಯ ಕಡೆ ಅವನು, ಕಾಲಿನ ಕಡೆ ಇವಳು. ಬಾಗಿಲಲ್ಲಿ ಹಾಸಿಗೆ ಸಿಕ್ಕಿಹಾಕಿಕೊಂಡಾಗ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಿದ್ದರು. ಅವನು ಹೋಗಿ ನಾಲ್ಕು ವರ್ಷವಾಯಿತು. ಅಲ್ಲಿಂದೀಚೆಗೆ ಅವಳೇ ಎಳೆದುಕೊಂಡು ಹೋಗಿ ಎಳೆದುಕೊಂಡು ಬರುತ್ತಿದ್ದಳು. ಅವತ್ತು ಮೆರಾಪಿ ಬೆಟ್ಟದ ಕಡೆಯಿಂದ ಹೇಳದೆ ಕೇಳದೆ ಮಳೆ ಬಂತು. ಓಡಿಹೋಗಿ ಹಾಸಿಗೆಯನ್ನು ತಬ್ಬಿ ಒಂದೇ ಸಲಕ್ಕೆ ಎತ್ತಿದಳು. ನಡುವಿನಲ್ಲಿ ಏನೋ ಟಕ್ಕೆಂದಿತು. ಹಾಸಿಗೆಯ ಮೇಲೆಯೇ ಬಿದ್ದವಳಿಗೆ ಏಳಲಾಗಲಿಲ್ಲ. ಮಳೆ ಬಂದು ಹೋಯಿತು, ಕೋಳಿಗಳು ಬಂದು ನೋಡಿ ಹೋದವು, ಮನುಷ್ಯರು ಯಾರೂ ಬರಲಿಲ್ಲ. ಕೊನೆಗೆ ತಾನೇ ತೆವಳಿಕೊಂಡು ಒಳಗೆ ಹೋದಳು.

ಅಂಗಡಿಯಲ್ಲಿ ಸಿಗುವ ನೋವಿನ ಪಟ್ಟಿಗಳನ್ನು ತಂದಿಟ್ಟುಕೊಂಡಿದ್ದಳು. ಮೈಗೆ ಅಂಟಿಸಿದರೆ ಎಂಟು ತಾಸು ಚುರುಚುರು ಎನ್ನುತ್ತ ಕಾವು ಕೊಡುವ, ತೂತು ತೂತಿನ ಪಟ್ಟಿ. ಅದನ್ನು ತೊಡೆಗೋ ಮಂಡಿಗೋ ಹಚ್ಚಬಹುದು. ನಡುಬೆನ್ನಿಗೆ ಹಚ್ಚಿಕೊಳ್ಳುವುದು ಹೇಗೆ? ಕೈ ಹಿಂದಕ್ಕೆ ತಿರುಗಿಸಿದರೆ ನೋವು, ತಿರುಗಿಸದಿದ್ದರೆ ಎಟುಕದು. ಎರಡು ಪಟ್ಟಿ ಬೆರಳಿಗೇ ಸುತ್ತಿಕೊಂಡು ಹಾಳಾದ ಮೇಲೆ ಅವಳಿಗೊಂದು ಉಪಾಯ ಹೊಳೆಯಿತು. ಅಡುಗೆಮನೆಯ ಬಾಗಿಲಿಗೆ, ಅಂಟಿನ ಮುಖ ಹೊರಗಿರುವಂತೆ, ಪಟ್ಟಿಯನ್ನು ಎರಡು ಅನ್ನದ ಅಗುಳಿನಿಂದ ನಿಲ್ಲಿಸುವುದು. ರವಿಕೆ ಎತ್ತಿ, ಅದರ ಮೇಲೆ ಬೆನ್ನು ಒತ್ತಿ ಒರಗುವುದು. ಪಟ್ಟಿ ಅಂಟುತ್ತಿತ್ತು, ಆದರೆ ಬೇಕಾದಲ್ಲಲ್ಲ. ಒಮ್ಮೆ ಮೇಲೆ, ಒಮ್ಮೆ ಪಕ್ಕೆಗೆ. ನೋವಿರುವ ಜಾಗ ಹಾಗೆಯೇ ಉಳಿದು ಅದರ ಸುತ್ತಮುತ್ತ ಬೆಚ್ಚಗಾಗುತ್ತಿತ್ತು. ಬಾಗಿಲಿಗಾದರೂ ಇಷ್ಟು ಕೆಲಸ ಕೊಟ್ಟೆನಲ್ಲ ಎಂದು ಅವಳು ಒಂದೆರಡು ಸಲ ನಕ್ಕದ್ದೂ ಉಂಟು.

ಈ ನೋವಿನ ಸುದ್ದಿ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗದ ಹಾಗೆ ನೋಡಿಕೊಂಡಿದ್ದಳು. ಕಾರಣ, ಅನ್ನ. ಅವರ ಊರು ಸುಂಬೆರ್ ಲೊರ್‌ನಲ್ಲಿ ಮದುವೆಯಾಗಲಿ, ಸುನ್ನತಿಯಾಗಲಿ, ಸತ್ತವರ ನಲವತ್ತನೆಯ ದಿನವಾಗಲಿ, ಸುತ್ತಲಿನ ಹೆಂಗಸರೆಲ್ಲ ಮೂರು ದಿನ ಮೊದಲೇ ಆ ಮನೆಯ ಅಡುಗೆಮನೆ ಸೇರುತ್ತಾರೆ. ಕಾಯಿ ತುರಿಯಲು ಹತ್ತು ಜನ, ಮಸಾಲೆ ಅರೆಯಲು ಹತ್ತು ಜನ. ಅನ್ನಕ್ಕೆ ಮಾತ್ರ ಒಬ್ಬಳೇ. ಅವಳು ಉಪವಾಸವಿದ್ದು ಮೊದಲ ಹಿಡಿ ಅಕ್ಕಿಯನ್ನು ತಾನೇ ಹಾಕಬೇಕು; ಅರ್ಧ ಬೆಂದದ್ದನ್ನು ಬಿದಿರಿನ ಬುಟ್ಟಿಗೆ ತುಂಬಿ ತಾಮ್ರದ ಹಂಡೆಯ ಮೇಲೆ ಹಬೆಗಿಡಬೇಕು; ಕೊನೆಯ ಬುಟ್ಟಿ ಇಳಿಯುವವರೆಗೆ ಒಲೆಯ ಮುಂದಿನಿಂದ ಏಳಬಾರದು. ಅನ್ನ ಹಳಸಿದರೆ, ಇಲ್ಲವೆ ಸಾಲದೆ ಹೋದರೆ, ಆ ಮನೆಯ ಮಾನ ಹೋದಂತೆ. ಹದಿನೇಳು ವರ್ಷದಿಂದ ಆ ಒಬ್ಬಳು ವಾರ್ಸಿನಿ. ಯಾರ ಮನೆಯಲ್ಲಿ ಶುಭವಿದ್ದರೂ ಆ ಮನೆಯ ಯಜಮಾನಿ ಟೀಪುಡಿ ಸಕ್ಕರೆಯ ಪೊಟ್ಟಣ ಹಿಡಿದು ಮೊದಲು ಇವಳ ಬಾಗಿಲಿಗೆ ಬಂದು, ಕೂತು, ಅನ್ನ ನಿಮ್ಮದೇ ಅಕ್ಕ ಎಂದು ಹೇಳಿ ಹೋಗಬೇಕು.

ಮಕ್ಕಳಿಲ್ಲದ ವಿಧವೆಯ ಮನೆಗೆ ಯಾರು ಬರುತ್ತಾರೆ? ಅನ್ನ ಬೇಕಾದಾಗ ಬರುತ್ತಿದ್ದರು. ಬಂದೇ ಬರುತ್ತಿದ್ದರು. ನಡು ಹಿಡಿದಿದೆ ಎಂದು ಬಾಯಿಬಿಟ್ಟರೆ ಎಲ್ಲರೂ ಅಯ್ಯೋ ಪಾಪ ಎನ್ನುವುದು ಖಂಡಿತ. ಮರುದಿನವೇ ಆ ಪೊಟ್ಟಣ ಪೊನಿಯೆಮ್‌ಳ ಮನೆಗೆ ಹೋಗುವುದೂ ಅಷ್ಟೇ ಖಂಡಿತ. ಪೊನಿಯೆಮ್ ಎದುರು ಮನೆಯವಳು, ನಲವತ್ತೆರಡರ ಗಟ್ಟಿಗಿತ್ತಿ, ಒಲೆಯ ಮುಂದಿನ ಜಾಗದ ಮೇಲೆ ಕಣ್ಣಿಟ್ಟು ವರ್ಷಗಳೇ ಆಗಿದ್ದವು. ಹಾಗಾಗಿ ವಾರ್ಸಿನಿ ಮಸೀದಿಗೆ ಹೋಗುವುದನ್ನು ಬಿಟ್ಟಳು. ಮನೆಯಲ್ಲಿ ಕುರ್ಚಿಯ ಮೇಲೆ ಕೂತು ನಮಾಜು ಮಾಡುವುದನ್ನು ದೇವರು ನೋಡಬಹುದು, ಪೊನಿಯೆಮ್ ನೋಡಬಾರದು. ಸೊಂಟಕ್ಕೆ ಸುತ್ತುವ ಬಟ್ಟೆಯ ನಡುಪಟ್ಟಿಯನ್ನು ಎರಡು ಸುತ್ತು ಹೆಚ್ಚು ಬಿಗಿದು, ಬಾವಿಯಿಂದ ಅರ್ಧ ಕೊಡ ನೀರು ಮಾತ್ರ ಸೇದುತ್ತಿದ್ದಳು.

ಅವತ್ತು ಬೆಳಿಗ್ಗೆಯೂ ಅಂಗಳ ಗುಡಿಸಲು ಹೊರಬಂದಳು. ಊರಿನ ಹೆಂಗಸರೆಲ್ಲ ಗರಿಕಡ್ಡಿಯ ಮೋಟು ಪೊರಕೆ ಹಿಡಿದು ಸೊಂಟ ಮಡಚಿ ಗುಡಿಸುತ್ತಿದ್ದರೆ, ಇವಳು ಪೊರಕೆಗೆ ಆಳುದ್ದದ ಬಿದಿರು ಕಟ್ಟಿ ನೆಟ್ಟಗೆ ನಿಂತು ಗುಡಿಸುತ್ತಿದ್ದಳು. ಎದುರಿನಿಂದ ಪೊನಿಯೆಮ್ ತಲೆಯೆತ್ತಿ ನೋಡಿದಳು.

"ಏನಕ್ಕ, ನೆಲ ನೋಡೋದೂ ಬೇಡ ಅನ್ನಿಸ್ಬಿಡ್ತಾ ನಿಮಗೆ? ದೊಡ್ಡೋರ ಥರ ನಿಂತ್ಕೊಂಡೇ ಗುಡಿಸ್ತೀರಲ್ಲ."

"ನೆಲ ಎಲ್ಲಿಗೂ ಹೋಗಲ್ಲ ಕಣೇ. ನೋಡದೇ ಇದ್ರೂ ಇರುತ್ತೆ," ಎಂದಳು ವಾರ್ಸಿನಿ. ಹಿಂದೆಲ್ಲ ಇಂಥ ಮಾತಿಗೆ ಪೊನಿಯೆಮ್ ನಗುತ್ತಿದ್ದಳು. ಈ ಸಲ ತುಟಿ ಬಿಗಿದುಕೊಂಡು ಬೇರೆ ಕಡೆ ತಿರುಗಿದಳು. ಅವಳ ಜಗಲಿಯ ಮೇಲೆ ಟೀಪುಡಿಯ ಹಸಿರು ಪೊಟ್ಟಣವೊಂದು ಎಲ್ಲರಿಗೂ ಕಾಣುವಂತೆ ಕೂತಿತ್ತು.

ಅದು ಊರಿನ ಹಿರಿಯಳು ಮಂಗುನ್ ಅಜ್ಜಿಯ ಮನೆಯದು. ಅಜ್ಜಿಯ ಮೊಮ್ಮಗಳ ಮದುವೆ ಭಾನುವಾರ. ನಾಲ್ಕು ಮನೆ ಆಚೆ ಆಗಲೇ ಚಪ್ಪರಕ್ಕೆ ಬಿದಿರು ಬಂದು ಬಿದ್ದಿತ್ತು. ವಾರ್ಸಿನಿ ಒಂದು ವಾರದಿಂದ ದಾರಿ ಕಾಯುತ್ತಿದ್ದಳು. ಅಜ್ಜಿಯ ಸೊಸೆ ಬಂದಾಗ ಕೊಡಲೆಂದು ಮಾಡಿಟ್ಟ ಅಕ್ಕಿ ಹಪ್ಪಳ ಡಬ್ಬದಲ್ಲೇ ಮೆತ್ತಗಾಗುತ್ತಿತ್ತು. ಮೊದಲು ಮರೆತಿರಬೇಕು ಎಂದುಕೊಂಡಳು. ಆಮೇಲೆ ನಾಳೆ ಬರಬಹುದು ಎಂದುಕೊಂಡಳು. ಇವತ್ತು ಗುರುವಾರ. ಇನ್ನು ಅಂದುಕೊಳ್ಳಲು ಏನೂ ಉಳಿದಿರಲಿಲ್ಲ.

ತರಕಾರಿಯ ಸಾರ್ದಿ ಮೋಟರ್‌ಸೈಕಲ್ಲಿನ ಎರಡೂ ಪಕ್ಕ ಬುಟ್ಟಿ ಕಟ್ಟಿಕೊಂಡು ಎಂಟು ಗಂಟೆಗೆ ಬಂದ. ಊರಿನ ಸುದ್ದಿಯೆಲ್ಲ ಸೊಪ್ಪಿನ ಕಟ್ಟಿನ ಜೊತೆಗೇ ಅವನ ಬುಟ್ಟಿಯಲ್ಲಿರುತ್ತಿತ್ತು. ವಾರ್ಸಿನಿ ಬಗ್ಗದೆ, ಮಂಡಿ ಮಡಚಿ ಇಳಿದು, ಬದನೆಕಾಯಿ ಆರಿಸುತ್ತ, ಮದುವೆಮನೆಯಲ್ಲಿ ಅನ್ನ ಯಾರದಂತೆ ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದಳು. ಸಾರ್ದಿ ತಕ್ಕಡಿ ನೋಡುತ್ತ ನಿಂತ. ಪೊನಿಯೆಮ್‌ದು ಅಂತ ಕೇಳಿದೆ ಎಂದ. ಇವಳು ಬದನೆಕಾಯಿ ಕೆಳಗಿಡಲಿಲ್ಲ. ಏನು ತಪ್ಪಾಯಿತೆಂದು ಹೇಳದೆ ಅವನನ್ನು ಬಿಡುವುದಿಲ್ಲ ಎಂಬಂತೆ ಅವನ ಗಾಡಿಯ ಹಿಡಿಕೆ ಹಿಡಿದುಕೊಂಡಳು. ಅವನು ಒಲ್ಲದ ಮನಸ್ಸಿನಿಂದ ಹೇಳಿದ.

ಐದು ವಾರದ ಹಿಂದೆ, ಗುರುವಾರ ಸಂಜೆ, ಹೆಂಗಸರ ಪ್ರಾರ್ಥನೆ ಮಂಗುನ್ ಅಜ್ಜಿಯ ಮನೆಯಲ್ಲಿತ್ತು. ಮುಗಿಯುವ ಮೊದಲೇ ಎದ್ದ ವಾರ್ಸಿನಿ, ಚಾಪೆಯ ಮೇಲೆ ಸಾಲಾಗಿ ಕೂತಿದ್ದ ಹಿರಿಯರ ಮುಂದೆ ಹಾದುಹೋದಳು. ಹಾದುಹೋಗುವಾಗ ರೂಢಿಯಂತೆ ಬಗ್ಗಲಿಲ್ಲ. ಬಲಗೈ ನೆಲದ ಕಡೆ ಚಾಚಲಿಲ್ಲ. ಕಂಬದ ಹಾಗೆ ನೆಟ್ಟಗೆ, ಅವರ ತಲೆಗಳ ಮೇಲಿಂದ ಎಂಬಂತೆ ನಡೆದಳು. ಬೀಳ್ಕೊಳ್ಳುವಾಗ ಅಜ್ಜಿಯ ಮುಂದೆ ಮಂಡಿಯೂರಿ ಕೈ ಹಿಡಿದು ಹಣೆಗೊತ್ತಿಕೊಳ್ಳಲೂ ಇಲ್ಲ. ಬಸ್ಸಿನಲ್ಲಿ ಚೀಟಿ ಕೊಟ್ಟ ಹಾಗೆ ನಿಂತಲ್ಲಿಂದಲೇ ಕೈ ಕೊಟ್ಟು ಹೋದಳು. ಗಂಡನ ಪಿಂಚಣಿ ತಲೆಗೇರಿದೆ ಎಂದು ಯಾರೋ ಅಂದರು. ಈಗ ಅಂಗಳವನ್ನೂ ನಿಂತೇ ಗುಡಿಸುತ್ತಾಳೆ, ಮಸೀದಿಗೂ ಬರುವುದಿಲ್ಲ ಎಂದು ಇನ್ಯಾರೋ ಸೇರಿಸಿದರು.

"ಅಜ್ಜಿ ಏನಂದ್ರು? ಮುಚ್ಚಿಡಬೇಡಪ್ಪ," ಎಂದಳು ವಾರ್ಸಿನಿ.

"ಆ ಕೈಲಿ ಬೆಂದ ಅನ್ನಕ್ಕಿಂತ ಸೀದು ಹೋದ ಅನ್ನ ತಿಂತೀನಿ ಅಂದ್ರಂತೆ," ಎಂದ ಸಾರ್ದಿ. ಬದನೆಕಾಯಿಗೆ ಹಣ ತೆಗೆದುಕೊಳ್ಳದೆ ಹೊರಟೂಹೋದ.

ಅವಳಿಗೆ ಆ ಸಂಜೆ ನೆನಪಾಯಿತು. ನೋವು ಶುರುವಾಗಿ ಒಂದು ವಾರವೂ ಆಗಿರಲಿಲ್ಲ. ಹೋಗದಿದ್ದರೆ ಕೇಳುತ್ತಾರೆಂದು ಹೋಗಿದ್ದಳು. ಅರ್ಧ ತಾಸು ಗೋಡೆಗೊರಗಿ ಕೂತ ಮೇಲೆ ಕಣ್ಣು ಕತ್ತಲಿಟ್ಟು, ಇನ್ನು ಸ್ವಲ್ಪ ಹೊತ್ತು ಕೂತರೆ ಕೂಗಿಬಿಡುತ್ತೇನೆ ಎನ್ನಿಸಿ ಎದ್ದಿದ್ದಳು. ಹಾದುಹೋಗುವಾಗ ಕ್ಷಮಿಸಿ ಎಂದಿದ್ದಳು. ದನಿ ಹೊರಬಂದಿರಲಿಲ್ಲ ಅಷ್ಟೆ. ಎಲ್ಲರೂ ಟೀ ಲೋಟದ ಕಡೆ ನೋಡುತ್ತಿದ್ದರು, ಯಾರೂ ಗಮನಿಸಲಿಲ್ಲ ಎಂದೇ ಇಷ್ಟು ದಿನ ನಂಬಿದ್ದಳು. ಆ ಊರಿನಲ್ಲಿ ಹುಟ್ಟಿ ಬೆಳೆದವಳು ಹಾಗೆ ನಂಬಬಾರದಿತ್ತು. ಆರು ವರ್ಷದ ಮಗು ಕೂಡ ಕೂತ ಹಿರಿಯರ ಮುಂದೆ ಬಗ್ಗದೆ ಓಡಿದರೆ ಬೆನ್ನಿಗೆ ಗುದ್ದು ತಿನ್ನುತ್ತದೆ.

ಅವಳಿಗೆ ಸಿಟ್ಟು ಬಂತು. ಹದಿನೇಳು ವರ್ಷ ತನ್ನ ಅನ್ನ ಉಂಡವರಿಗೆ ತನ್ನಲ್ಲಿ ಕಂಡದ್ದು ಸೊಕ್ಕು ಮಾತ್ರವೇ? ಆಮೇಲೆ ಅಳು ಬಂತು. ಕೂತು ಅತ್ತರೆ ಬಿಕ್ಕಿದಾಗೆಲ್ಲ ನಡು ಚಳಕ್ಕೆನ್ನುತ್ತಿತ್ತು. ಹಾಗಾಗಿ ಗೋಡೆಗೆ ಬೆನ್ನು ಕೊಟ್ಟು, ನೇರ ನಿಂತೇ ಅತ್ತಳು.

ಅತ್ತು ಮುಗಿದ ಮೇಲೆ ಯೋಚಿಸಿದಳು. ಬೆನ್ನುನೋವು ಎಂದು ಹೇಳಿದರೆ ಅಜ್ಜಿ ಕ್ಷಮಿಸಬಹುದು. ಆದರೆ ಒಲೆ ಶಾಶ್ವತವಾಗಿ ಪೊನಿಯೆಮ್‌ಳದಾಗುತ್ತದೆ. ಹೇಳದಿದ್ದರೆ ಸೊಕ್ಕಿನವಳೆಂಬ ಹೆಸರು ಉಳಿಯುತ್ತದೆ, ಒಲೆ ಆಗಲೂ ಪೊನಿಯೆಮ್‌ಳದೇ. ಹೇಳದೆಯೇ ಕ್ಷಮೆ ಕೇಳಬೇಕು. ಕೇಳಬೇಕೆಂದರೆ ಬಗ್ಗಬೇಕು. ಮಧ್ಯಾಹ್ನದ ಅಕ್ಕಿಗೆಂದು ಡಬ್ಬ ತೆರೆದಾಗ ಮುಚ್ಚಳದೊಳಗಿನ ಚಿತ್ರ ಕಣ್ಣಿಗೆ ಬಿತ್ತು. ಪೆಟ್ಟಿಗೆ ಎತ್ತುವ ಗಂಡಸು ಮಂಡಿ ಪೂರ್ತಿ ಮಡಚಿ, ಬೆನ್ನು ನೆಟ್ಟಗಿಟ್ಟು ಕುಕ್ಕರಗಾಲಿನಲ್ಲಿ ಕೂತಿದ್ದ. ಅವನ ತಲೆ ನೆಲಕ್ಕೆ ಹತ್ತಿರವಿತ್ತು.

ಬಗ್ಗಲಾಗುವುದಿಲ್ಲ ನಿಜ, ತಗ್ಗಬಹುದಲ್ಲ! ಅಕ್ಕಿ ಡಬ್ಬದಿಂದ ಬೆಂಚಿನವರೆಗೆ, ಬೆನ್ನು ನೆಟ್ಟಗಿಟ್ಟು ಕುಕ್ಕರಗಾಲಿನಲ್ಲೇ ಒಂದೊಂದು ಹೆಜ್ಜೆ ಜರುಗಿ ನೋಡಿದಳು. ತೊಡೆ ನಡುಗಿತು, ನಡು ಗೊಣಗಿತು, ಆದರೆ ಆಯಿತು. ತುಂಬ ಹೊತ್ತು ಕುಕ್ಕರಗಾಲಿನಲ್ಲಿ ಇರಬಾರದೆಂದು ರೆತ್ನೊ ಹೇಳಿದ್ದಳು. ಅದನ್ನು ವಾರ್ಸಿನಿ ಅವತ್ತಿನ ಮಟ್ಟಿಗೆ ಮರೆತಳು.

ಸಂಜೆ ನಾಲ್ಕಕ್ಕೆ ಸ್ನಾನ ಮಾಡಿ, ಒಳ್ಳೆಯ ರವಿಕೆ ತೊಟ್ಟು, ಒಂದು ಚಿಪ್ಪು ಬಾಳೆಹಣ್ಣನ್ನು ಹೊಟ್ಟೆಗೆ ಒತ್ತಿ ಹಿಡಿದು ಮದುವೆಮನೆಗೆ ಹೋದಳು. ಚಪ್ಪರದ ಕೆಳಗೆ ಹತ್ತು ಹನ್ನೆರಡು ಹೆಂಗಸರು ಕುಳ್ಳ ಮಣೆಗಳ ಮೇಲೆ ಕೂತು ಸಣ್ಣ ಈರುಳ್ಳಿ ಸುಲಿಯುತ್ತಿದ್ದರು. ಜಗಲಿಯ ಬಿದಿರು ಮಂಚದ ಮೇಲೆ ಎಲೆಯಡಿಕೆ ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಮಂಗುನ್ ಅಜ್ಜಿ ಕೂತಿದ್ದಳು. ಎಂಬತ್ತು ದಾಟಿದ ಜೀವ. ಹುಡುಗಿಯಾಗಿದ್ದಾಗ ಸೋಲೊ ನಗರದ ಅರಮನೆಯ ಅಡುಗೆಮನೆಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದವಳು. ಆ ಎರಡು ವರ್ಷದ ಕಥೆಯನ್ನು ಅರವತ್ತು ವರ್ಷದಿಂದ ಹೇಳುತ್ತಿದ್ದಳು.

ಅಂಗಳದ ಅಂಚಿನಲ್ಲಿ ವಾರ್ಸಿನಿ ನಿಂತಳು. ಚಪ್ಪಲಿ ಬಿಟ್ಟಳು. ಮಂಡಿ ಮಡಚಿ ಇಳಿದು, ಬಾಳೆಹಣ್ಣನ್ನು ಎದೆಗವಚಿಕೊಂಡು, ಕುಕ್ಕರಗಾಲಿನಲ್ಲಿ ಜರುಗತೊಡಗಿದಳು. ಒಂದು ಪಾದ, ಇನ್ನೊಂದು ಪಾದ. ಚಾಕುಗಳು ನಿಂತವು. ಹಾಗೆ ನಡೆಯುವುದು ಅರಮನೆಯಲ್ಲಿ, ದೊರೆಯ ಮುಂದೆ. ಊರಿನಲ್ಲಿ ಯಾರೂ ಯಾರ ಮುಂದೆಯೂ ಹಾಗೆ ನಡೆದದ್ದನ್ನು ಅಲ್ಲಿದ್ದವರು ಕಂಡಿರಲಿಲ್ಲ. ಯಾರೋ ಕಿಸಕ್ಕೆಂದರು.

"ಇದೇನಕ್ಕ ವೇಷ?" ಎಂದಳು ಪೊನಿಯೆಮ್. "ಹೋದ ಸಲ ಎತ್ತರ ಹೆಚ್ಚಾಯ್ತು ಅಂತ ಈ ಸಲ ಕಮ್ಮಿ ಮಾಡ್ಕೊಂಡ್ರಾ?"

ವಾರ್ಸಿನಿ ಜರುಗುತ್ತಲೇ ಇದ್ದಳು. ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ಜಗಲಿ ಇನ್ನೂ ಹತ್ತು ಮಾರು ದೂರವಿತ್ತು. ಮಧ್ಯದಲ್ಲಿ ಒಮ್ಮೆ ಒಂದು ಕೈ ನೆಲಕ್ಕೆ ಊರಿ ನಿಂತಳು. ತಾನು ನೋಡಲು ಹೇಗಿದ್ದೇನೆಂದು ಅವಳಿಗೆ ಗೊತ್ತಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹಿಂದಕ್ಕೆ ಹೋಗುವುದೂ ಅಷ್ಟೇ ದೂರವೆಂದು ಮತ್ತೆ ಜರುಗಿದಳು. ಮಂಚದ ಕಾಲು ಮುಟ್ಟಿದಾಗ ಬಾಳೆಹಣ್ಣು ಕೆಳಗಿಟ್ಟು, ಅಜ್ಜಿಯ ಕೈ ಹಿಡಿದು ಹಣೆಗೆ ಒತ್ತಿಕೊಂಡಳು.

ಅಜ್ಜಿಯ ಮುಖ ಗಂಟಿಕ್ಕಿತ್ತು. "ನನ್ನ ಅರಮನೆ ಕಥೆ ಅಣಕಿಸೋಕೆ ಬಂದ್ಯೇನೇ?"

"ಇಲ್ಲ ಅಜ್ಜಿ. ಅವತ್ತು ನಿಮ್ಮ ಮುಂದೆ ಬಗ್ಗದೆ ಹೋದೆ. ತಪ್ಪಾಯ್ತು."

"ಯಾಕೆ ಬಗ್ಗಲಿಲ್ಲ?"

ವಾರ್ಸಿನಿ ಅಜ್ಜಿಯ ಕೈಯನ್ನು ಮತ್ತೊಮ್ಮೆ ಹಣೆಗೊತ್ತಿಕೊಂಡಳು. ಅಜ್ಜಿ, ಆಯ್ತು ಏಳು ಎಂದಳು. ಏಳಬೇಕೆಂದು ವಾರ್ಸಿನಿಯೂ ಅಂದುಕೊಂಡಳು. ಕಾಲು ಮಾತು ಕೇಳಲಿಲ್ಲ. ಮಂಚದ ಕಾಲನ್ನು ಎರಡೂ ಕೈಯಿಂದ ಹಿಡಿದು ಒಮ್ಮೆ ಪ್ರಯತ್ನಿಸಿದಳು, ಅರ್ಧಕ್ಕೆ ಬಂದು ಮತ್ತೆ ಕುಸಿದಳು. ಮೇಲುತುಟಿಯ ಮೇಲೆ ಬೆವರು ಮೂಡಿತು. ಅಷ್ಟು ಹತ್ತಿರದಲ್ಲಿ ಅಜ್ಜಿಗೆ ವಾಸನೆ ಬಡಿಯಿತು, ಕರ್ಪೂರದಂಥ, ಖಾರವಾದ, ವಯಸ್ಸಾದವರ ಕೋಣೆಗಳಲ್ಲೆಲ್ಲ ಇರುವ ವಾಸನೆ. ಅವಳು ಕೈ ಚಾಚಿ ವಾರ್ಸಿನಿಯ ಬೆನ್ನಿನ ಮೇಲಿಟ್ಟಳು. ರವಿಕೆಯ ಕೆಳಗೆ ಹಲಗೆಯ ಹಾಗೆ ಬಿಗಿದಿದ್ದ ನಡುಪಟ್ಟಿ ಕೈಗೆ ಸಿಕ್ಕಿತು.

ಅಜ್ಜಿ ಅಂಗಳದ ಕಡೆ ತಿರುಗಿ, ಎಲ್ಲರೂ ಒಳಗೆ ಹೋಗಿ ಕಾಯಿ ತುರಿಯಲು ಕೂತುಕೊಳ್ಳಿ ಎಂದಳು. ಈರುಳ್ಳಿ ಇನ್ನೂ ಮುಗಿದಿಲ್ಲ ಎಂದು ಪೊನಿಯೆಮ್ ಹೇಳಿದಳು. ಈರುಳ್ಳಿ ಕಾಯುತ್ತದೆ ಎಂದಳು ಅಜ್ಜಿ. ಅಂಗಳ ಖಾಲಿಯಾದ ಮೇಲೆ ವಾರ್ಸಿನಿಯನ್ನು ಕೇಳದೆಯೇ ಅವಳ ರವಿಕೆಯ ಅಂಚು ಎತ್ತಿ, ನಡುಪಟ್ಟಿಯನ್ನು ಎರಡು ಬೆರಳು ಕೆಳಗೆ ಸರಿಸಿದಳು.

ಬೆನ್ನಿನ ಮೇಲೆ ಮೂರು ಪಟ್ಟಿಗಳಿದ್ದವು. ಒಂದು ರೆಕ್ಕೆಮೂಳೆಯ ಹತ್ತಿರ. ಒಂದು ಪಕ್ಕೆಯ ಮೇಲೆ, ಓರೆಯಾಗಿ. ಇನ್ನೊಂದು ಅರ್ಧ ಮಡಚಿಕೊಂಡು ತನಗೆ ತಾನೇ ಅಂಟಿಕೊಂಡಿತ್ತು. ನಡುವಿನ ಜಾಗ ಬರಿದಾಗಿತ್ತು.

"ಇದನ್ನ ಯಾರೇ ಹಚ್ಚಿದ್ದು?"

ವಾರ್ಸಿನಿ ಮಂಚದ ಕಾಲನ್ನೇ ನೋಡುತ್ತಿದ್ದಳು. "ಬಾಗಿಲು," ಎಂದಳು.

"ಬಾಗಿಲಾ?"

"ಬಾಗಿಲಿಗೆ ಅಂಟಿಸಿ ಒರಗ್ತೀನಜ್ಜಿ. ಕೈ ಎಟುಕಲ್ಲ."

ಅಜ್ಜಿ ಎಲೆಯಡಿಕೆ ಪೆಟ್ಟಿಗೆಯ ಕೆಳಗಿನ ಅರೆ ಎಳೆದಳು. ಅವಳ ಬಳಿಯೂ ಅದೇ ಪಟ್ಟಿಗಳಿದ್ದವು. ಹಳೆಯವನ್ನು ಒಂದೊಂದಾಗಿ, ಚರ್ಮಕ್ಕೆ ಉರಿಯಾಗದ ಹಾಗೆ ಮೂಲೆಯಿಂದ ಬಿಡಿಸಿದಳು. ಹೊಸದರ ಕಾಗದ ಸುಲಿದು, ಎಲೆಯ ಕರೆ ಹತ್ತಿದ ಹೆಬ್ಬೆರಳಿನಿಂದ ಬೆನ್ನು ಒತ್ತಿ ಒತ್ತಿ ಕೇಳಿದಳು. ಇಲ್ಲಿಯಾ? ಇಲ್ಲಿಯಾ? ಇನ್ನು ಸ್ವಲ್ಪ ಕೆಳಗೆ ಎಂದಳು ವಾರ್ಸಿನಿ. ಸರಿಯಾದ ಜಾಗಕ್ಕೆ ಬೆರಳು ಬಂದಾಗ ಅವಳ ಬಾಯಿಂದ ಹೂಂ ಎಂಬ ಸದ್ದು ಬಂತು. ಅಜ್ಜಿ ಪಟ್ಟಿ ಅಂಟಿಸಿ, ಅದರ ಮೇಲೆ ಅಂಗೈಯನ್ನು ಪೂರ್ತಿ ಇಟ್ಟು ಒತ್ತಿ ಹಿಡಿದಳು. ಅಂಟುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದಳು. ದಾಲಿಮಿನ್ ಹೋದ ಮೇಲೆ ಆ ಬೆನ್ನನ್ನು ಯಾರೂ ಮುಟ್ಟಿರಲಿಲ್ಲ. ಆರೋಗ್ಯ ಕೇಂದ್ರದ ಹುಡುಗಿ ಕೂಡ ಬೊಂಬೆಯ ಮೇಲೆ ತೋರಿಸಿದ್ದಳು.

"ಅನ್ನ ನೀನೇ ಮಾಡು," ಎಂದಳು ಅಜ್ಜಿ. "ಎತ್ತೋದು ಇಳಿಸೋದು ಪೊನಿಯೆಮ್ ಮಾಡ್ಲಿ."

"ಅವಳಿಗೆ ನೀವೇ ಹೇಳ್ತೀರಾ ಅಜ್ಜಿ?"

"ನಾನು ಹೇಳಲ್ಲ. ನಿನ್ನ ಬೆನ್ನು, ನೀನೇ ಹೇಳು."

ವಾರ್ಸಿನಿ ಹೇಳಿದಳು. ಮರುದಿನ ಬೆಳಿಗ್ಗೆ ಪೊರಕೆ ಹಿಡಿದು ಎದುರಿನ ಅಂಗಳಕ್ಕೆ ಹೋಗಿ, ನನಗೆ ಹಂಡೆ ಎತ್ತಕ್ಕಾಗಲ್ಲ ಕಣೇ ಪೊನಿಯೆಮ್, ನಡು ಹೋಗಿದೆ ಎಂದಳು. ಆರು ವಾರ ಹೊತ್ತುಕೊಂಡಿದ್ದ ಮಾತು ಅಷ್ಟು ಬೇಗ ಮುಗಿದುಹೋದದ್ದು ಅವಳಿಗೇ ವಿಚಿತ್ರವೆನ್ನಿಸಿತು. ಪೊನಿಯೆಮ್ ತಮಾಷೆ ಮಾಡಲಿಲ್ಲ. ಅವಳ ಕೈಯಲ್ಲಿದ್ದ ಬಿದಿರು ಕಟ್ಟಿದ ಪೊರಕೆಯನ್ನು ನೋಡಿದಳು, ಆಮೇಲೆ ನೆಲ ನೋಡಿದಳು.

ಭಾನುವಾರ ನಸುಕಿಗೆ ವಾರ್ಸಿನಿ ಮದುವೆಮನೆಯ ಹಿತ್ತಿಲ ಅಡುಗೆಮನೆಗೆ ಹೋದಾಗ ಒಲೆ ಎತ್ತರದಲ್ಲಿತ್ತು. ಯಾರು ಇಟ್ಟರೋ, ಇಟ್ಟಿಗೆಯ ಮೇಲೆ ಇಟ್ಟಿಗೆ ಸೇರಿಸಿ, ಮಣ್ಣು ಮೆತ್ತಿ, ಒಲೆಯನ್ನು ಅವಳ ಸೊಂಟದ ಮಟ್ಟಕ್ಕೆ ತಂದಿದ್ದರು. ಬಗ್ಗುವುದೇ ಬೇಕಿರಲಿಲ್ಲ. ಅವಳು ಮೊದಲ ಹಿಡಿ ಅಕ್ಕಿ ಹಾಕಿದಳು. ಪೊನಿಯೆಮ್ ಬುಟ್ಟಿ ಎತ್ತಿಟ್ಟಳು, ಇಳಿಸಿದಳು, ಮತ್ತೆ ಎತ್ತಿಟ್ಟಳು. ಹಬೆಯ ಸದ್ದು ಬದಲಾದಾಗ ಅನ್ನ ಬೆಂದಿದೆ ಎಂದು ತಿಳಿಯುವುದು ಹೇಗೆಂದು ವಾರ್ಸಿನಿ ಅವಳಿಗೆ ಹೇಳಿಕೊಟ್ಟಳು. ಹೇಳಿಕೊಡಲು ಬಾಯಿ ಎಲ್ಲಿಂದ ಬಂತೋ ಅವಳಿಗೇ ಗೊತ್ತಿಲ್ಲ. ನಾಲ್ಕನೆಯ ಬುಟ್ಟಿಗೆ ಪೊನಿಯೆಮ್, ಅಕ್ಕ, ಆಯ್ತು ಅನ್ಸುತ್ತೆ ಎಂದಳು. ಆಗಿತ್ತು. ಇನ್ನು ಮುಂದಿನ ಟೀ ಸಕ್ಕರೆ ಯಾವ ಮನೆಗೆ ಹೋಗುತ್ತದೆಂದು ವಾರ್ಸಿನಿಗೆ ಆಗಲೇ ತಿಳಿದುಹೋಯಿತು.

ಅಡುಗೆಮನೆ ತುಂಬ ಹೆಂಗಸರು. ಎಲ್ಲರೂ ಎಂದಿನಂತೆ ನೆಲದಲ್ಲಿ, ಮಣೆಗಳ ಮೇಲೆ, ಮಂಡಿಗೆ ಮಂಡಿ ತಾಗಿಸಿಕೊಂಡು ಕೂತಿದ್ದರು. ಯಾರ ಸೊಸೆ ಯಾರ ಜೊತೆ ಮಾತು ಬಿಟ್ಟಿದ್ದಾಳೆ, ಮದುಮಗನ ಅಮ್ಮನ ಬಳೆ ಎಷ್ಟು ತೂಕದ್ದು, ಎಲ್ಲ ಅಲ್ಲೇ ಕೆಳಗೆ ಪಿಸುಪಿಸು ನಡೆಯುತ್ತಿತ್ತು. ಹದಿನೇಳು ವರ್ಷ ಅವಳೂ ಆ ಮಟ್ಟದಲ್ಲೇ ಕೂತಿದ್ದವಳು. ಈಗ ಅವಳೊಬ್ಬಳೇ ನಿಂತಿದ್ದಳು. ಮೇಲಿನಿಂದ ಬರೀ ಬೈತಲೆಗಳು ಕಾಣುತ್ತಿದ್ದವು. ಯಾರೋ ಏನೋ ಹೇಳಿದರು, ಎಲ್ಲರೂ ನಕ್ಕರು. ಅವಳಿಗೆ ಕೇಳಿಸಲಿಲ್ಲ. ಆದರೂ ಅವರು ತಲೆಯೆತ್ತಿದಾಗ ತಾನೂ ನಕ್ಕಳು. ಅನ್ನ ಸಾಕಷ್ಟು ಆಯಿತು, ಉಳಿದೂ ಉಳಿಯಿತು. ಅಜ್ಜಿ ಉಂಡಳು. ಹೊರಡುವಾಗ ಎಲ್ಲರಂತೆ ಇವಳಿಗೂ ಒಂದು ಬುತ್ತಿ ಕಟ್ಟಿಕೊಟ್ಟರು.

ಮಂಗಳವಾರ ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ವಾರ್ಸಿನಿ ಸ್ನಾನಕ್ಕೆ ನಿಂತಳು. ಕಿಟಕಿಯ ಮೇಲೆ ಹೊಸ ಪಟ್ಟಿಗಳ ಪೊಟ್ಟಣ ಒಡೆಯದೆ ಇತ್ತು. ಎಂಟು ತಾಸಿಗೆ ತೆಗೆಯಬೇಕೆಂದು ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಅಜ್ಜಿ ಹಚ್ಚಿದ್ದು ಗುರುವಾರ. ಅದರ ಕಾವು ಶುಕ್ರವಾರಕ್ಕೇ ಆರಿಹೋಗಿತ್ತು. ಒಂದು ಕಾಲನ್ನು ಇಟ್ಟಿಗೆಯ ಮೇಲಿಟ್ಟು, ತೊಟ್ಟಿಯಿಂದ ಚೊಂಬಿನಲ್ಲಿ ನೀರು ತೆಗೆದು ಹೆಗಲ ಮುಂದೆ, ಎದೆಗೆ, ತೋಳಿಗೆ ಹಾಕಿಕೊಂಡಳು. ಐದು ದಿನದಿಂದ ಬೆನ್ನಿಗೆ ನೀರು ಹಾಕಿರಲಿಲ್ಲ. ಆದರೂ ಒಂದು ಧಾರೆ ತಪ್ಪಿ ಹಿಂದಕ್ಕೆ ಇಳಿಯಿತು. ಚೊಂಬು ಬಿಟ್ಟು ಬಲಗೈಯನ್ನು ಮೆಲ್ಲಗೆ ಹಿಂದಕ್ಕೆ ತಂದಳು. ಪಟ್ಟಿಯ ಒಂದು ಮೂಲೆ ಎದ್ದಿತ್ತು. ಹೆಬ್ಬೆರಳಿಗೆ ಅಷ್ಟು ಮಾತ್ರ ಎಟುಕುತ್ತಿತ್ತು. ಅದನ್ನು ಒತ್ತಿ ಕೂರಿಸಿ, ಮೈ ಒಣಗುವವರೆಗೆ ಹಾಗೆಯೇ ಹಿಡಿದುಕೊಂಡು ನಿಂತಳು.